ಗುಡುಗಪ್ಪ ಟ್ಯಾಬ್ ಸಿಕ್ಕಿಸಿದ ಭಾನುವಾರ

ತಪ್ಪೆಲ್ಲ ಆ ಗೇಣುದ್ದದ ವೈರಿನದು. ಅದೊಂದು ಸರಿಯಾದ ವೈರಾಗಿದ್ದಿದ್ದರೆ ಗುಡುಗಪ್ಪ ಆ ಭಾನುವಾರ ಮಧ್ಯಾಹ್ನ ಹೊಟ್ಟೆತುಂಬ ಉಂಡು, ಒಂದು ನಿದ್ದೆ ಹೊಡೆದು, ಸಂಜೆ ಆರಕ್ಕೆ ನೆಟ್ಟಗೆ ನಾಟಕಕ್ಕೆ ಹೋಗಿರುತ್ತಿದ್ದ.

ಗುಡುಗಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹಗಲು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾದ ಅವನು ಸಂಜೆ ಹವ್ಯಾಸಿ ನಾಟಕ ತಂಡದಲ್ಲಿ ಸದ್ದು ಕೊಡುವವನು. ರಂಗದ ಪಕ್ಕದ ಪರದೆಯ ಮರೆಯಲ್ಲಿ ಅವನಿಗೊಂದು ಕುರ್ಚಿ, ತೊಡೆಯ ಮೇಲೆ ಟಿಫನ್ ಡಬ್ಬಿಯಷ್ಟಿರುವ ಒಂದು ಯಂತ್ರ. ಅದಕ್ಕೆ ಸ್ಯಾಂಪ್ಲರ್ ಅಂತ ಹೆಸರು. ಮೇಲೆ ಹದಿನಾರು ರಬ್ಬರ್ ಗುಂಡಿ, ಒಂದೊಂದು ಗುಂಡಿಯಲ್ಲೂ ಒಂದೊಂದು ಸದ್ದು. ಒಂದನ್ನು ಒತ್ತಿದರೆ ಮಳೆ, ಇನ್ನೊಂದನ್ನು ಒತ್ತಿದರೆ ಗುಡುಗು. ಕಚೇರಿಯಲ್ಲಿ ಇವನು ಕೂಗಿಕೊಂಡರೂ ಯಾರೂ ತಲೆ ಎತ್ತುತ್ತಿರಲಿಲ್ಲ. ಇಲ್ಲಿ ಒಂದು ಬೆರಳು ಒತ್ತಿದರೆ ಮುನ್ನೂರು ಜನ ಬೆಚ್ಚಿಬೀಳುತ್ತಿದ್ದರು. ಹನ್ನೊಂದು ವರ್ಷದಿಂದ ಆ ಕುರ್ಚಿಯೇ ಅವನ ಜೀವ, ಅದು ಹೋದರೆ ಅವನಲ್ಲಿ ಉಳಿಯುವುದು ಬರೀ ಗುಮಾಸ್ತ.

ಬೆಳಗ್ಗೆ ನಿರ್ದೇಶಕರ ಫೋನು ಬಂತು. "ಹೊಸ ರೈಲಿನ ಸದ್ದು ಕಳಿಸಿದ್ದೀನಿ, ಸಂಜೆಗೆ ಅದೇ ಬೇಕು. ಹೋದ ಸಲ ಮಗು ಅಳ್ಬೇಕಾದಾಗ ಕುದುರೆ ಓಡಿಸಿದ್ರಿ. ಇವತ್ತೂ ಹಾಗೇನಾದ್ರೂ ಆದ್ರೆ ಆ ಕುರ್ಚೀಲಿ ನನ್ನ ಭಾಮೈದನ್ನ ಕೂರಿಸ್ತೀನಿ, ಬೇಜಾರು ಮಾಡ್ಕೋಬೇಡಿ."

"ಐದು ನಿಮಿಷದ ಕೆಲಸ ಸಾರ್. ನೀವು ಆರಾಮಾಗಿರಿ" ಅಂದ ಗುಡುಗಪ್ಪ.

ರೈಲು ಬಂದು ನಿಂತದ್ದು ಹೆಂಡತಿಯ ಟ್ಯಾಬಿನಲ್ಲಿ. ಅಲ್ಲಿಂದ ಅದನ್ನು ಸ್ಯಾಂಪ್ಲರಿಗೆ ಇಳಿಸಬೇಕು. ಗುಡುಗಪ್ಪ ಚಾರ್ಜರಿನ ವೈರು ಕಿತ್ತು, ಒಂದು ತುದಿಯನ್ನು ಟ್ಯಾಬಿಗೂ ಇನ್ನೊಂದನ್ನು ಸ್ಯಾಂಪ್ಲರಿಗೂ ಸಿಕ್ಕಿಸಿದ. ಎರಡೂ ಮಾತು ಬಿಟ್ಟ ಗಂಡ ಹೆಂಡಿರ ಹಾಗೆ ಸುಮ್ಮನೆ ಕೂತವು. ತಿರುಗಿಸಿ ಸಿಕ್ಕಿಸಿದ, ಊದಿ ಸಿಕ್ಕಿಸಿದ. ಕೊನೆಗೆ ಬೆಳಕು ಚೆನ್ನಾಗಿದೆ ಅಂತ ಎಲ್ಲವನ್ನೂ ಹೊತ್ತು ಜಗಲಿಗೆ ಬಂದ. ಬರಬಾರದಿತ್ತು.

ಎದುರುಮನೆಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದವನೇ ವೈರನ್ನು ಎತ್ತಿ ನೋಡಿದ. "ಇದ್ರಲ್ಲಿ ಬರೀ ಕರೆಂಟ್ ಹೋಗುತ್ತೆ ಸಾರ್, ಬೇರೆ ಏನೂ ಹೋಗಲ್ಲ."

"ಗೊತ್ತಿತ್ತು. ನೋಡೋಣ ಅಂತ ಹಾಕಿದ್ದೆ."

ಪಕ್ಕದ ಮನೆಯ ಟೈಲರಕ್ಕ ಕಿಟಕಿಯಿಂದಲೇ ಕೂಗಿದಳು. "ನನ್ನ ಕಸೂತಿ ಮಿಷನ್ನಿಗೆ ಡಿಸೈನ್ ತುಂಬೋ ವೈರಿದೆ ಅಣ್ಣ, ಕೊಡ್ತೀನಿ. ಆದ್ರೆ ನಾನೂ ಕೂತು ನೋಡ್ತೀನಿ."

ಕಸೂತಿಯ ವೈರು ಹಾಕಿದ್ದೇ ತಡ, ಸ್ಯಾಂಪ್ಲರಿನಲ್ಲಿ ಹಸಿರು ದೀಪ ಹತ್ತಿತು. ಉಗುರಗಲದ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಒಂದು ಪ್ರಶ್ನೆ ಮೂಡಿತು. ಅಷ್ಟರಲ್ಲಿ ಮಹಡಿಯ ಮೇಲಿನ ನಿವೃತ್ತ ಮೇಷ್ಟ್ರು ಕೆಮ್ಮುತ್ತ ಕೆಳಗಿಳಿದು ಬಂದಿದ್ದರು. "ಯಂತ್ರ ಏನ್ ಕೇಳಿದ್ರೂ ಹೌದು ಅನ್ಬೇಕು ಕಣಯ್ಯ. ಇಲ್ಲ ಅಂದ್ರೆ ಅದು ಮುಂದಕ್ಕೇ ಹೋಗಲ್ಲ. ನಮ್ಮ ಹೆಡ್‌ಮಾಸ್ಟರೂ ಹಾಗೇ ಇದ್ರು."

"ರೀ, ಕನ್ನಡಕ ಹಾಕ್ಕೊಂಡು ಓದ್ರೀ" ಅಂದಳು ಹೆಂಡತಿ.

"ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ. ಇದಕ್ಕೆ ಕನ್ನಡಕ ಬೇರೆ ಬೇಕಾ?" ಗುಡುಗಪ್ಪ ಹೌದು ಒತ್ತಿದ.

ರೈಲು ಸಲೀಸಾಗಿ ಇಳಿಯಿತು. ಗುಂಡಿ ಒತ್ತಿದರೆ ಜಗಲಿಯ ಮೇಲೇ ಹಾದುಹೋದ ಹಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಉಬ್ಬಿಹೋದ ಗುಡುಗಪ್ಪ, "ಈಗ ನನ್ನ ಗುಡುಗು ಕೇಳಿ" ಅಂತ ಇನ್ನೊಂದು ಗುಂಡಿ ಒತ್ತಿದ. ಸದ್ದಿಲ್ಲ. ಮಳೆ ಒತ್ತಿದ, ಅದೂ ಇಲ್ಲ. ಒಂದಾದ ಮೇಲೊಂದು ಹದಿನೈದು ಗುಂಡಿ ಒತ್ತಿದ. ರೈಲೊಂದನ್ನು ಬಿಟ್ಟು ಎಲ್ಲವೂ ಮೂಕವಾಗಿದ್ದವು.

ಹೆಂಡತಿ ಯಂತ್ರದ ಜೊತೆ ಬಂದಿದ್ದ ಪುಸ್ತಕ ತಂದು ಓದಿದಳು. "ಮೊದಲ ಸಲ ಟ್ಯಾಬ್ ಸಿಕ್ಕಿಸಿದಾಗ, ಒಳಗಿರೋದನ್ನೆಲ್ಲ ಅಳಿಸಲಾ ಅಂತ ಕೇಳುತ್ತಂತೆ ರೀ. ಬೇಡ ಅನ್ಬೇಕಂತೆ."

ಮೇಷ್ಟ್ರು ಆಕಾಶ ನೋಡಿದರು. ಹನ್ನೊಂದು ವರ್ಷ ಕೂಡಿಟ್ಟ ಸದ್ದುಗಳು, ಬೇರೆಲ್ಲೂ ಪ್ರತಿಯಿಲ್ಲ. ಗಂಟೆ ಎರಡಾಗಿತ್ತು, ನಿರ್ದೇಶಕರ ಭಾಮೈದ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಂತೆ ಗುಡುಗಪ್ಪನ ಕಣ್ಣಿಗೆ ಕಟ್ಟಿತು. ಆದರೂ ಗುಡುಗಪ್ಪ ಎದೆಗುಂದುವ ಆಸಾಮಿಯಲ್ಲ. "ಟ್ಯಾಬಿಗೆ ಕಿವಿ ಇದೆ. ಇಲ್ಲೇ ಸದ್ದು ಹಿಡಿದು ಇಲ್ಲೇ ತುಂಬ್ತೀನಿ" ಅಂದ.

ಆಮೇಲೆ ನಡೆದದ್ದನ್ನು ಆ ಬೀದಿ ಇನ್ನೂ ಮರೆತಿಲ್ಲ. ನಾಟಕದಲ್ಲಿ ಬರುವ ಕಾರ್ಖಾನೆಯ ಸದ್ದಿಗೆ ಟೈಲರಕ್ಕ ತನ್ನ ಹಳೆಯ ಹೊಲಿಗೆ ಮಿಷನ್ನನ್ನು ಬಟ್ಟೆಯಿಲ್ಲದೆ ಓಡಿಸಿದಳು. ಆ ಕಾರ್ಖಾನೆಯ ಯಜಮಾನರ ಕಾರಿಗೆ ಮೆಕ್ಯಾನಿಕ್ ಯಾವುದೋ ಗಿರಾಕಿಯ ಕಾರನ್ನು ನಾಲ್ಕು ಸಲ ಗುರುಗುಟ್ಟಿಸಿದ. ಹೆಂಡತಿ ಬಿಸಿ ಬಾಣಲೆಗೆ ಹಸಿ ಈರುಳ್ಳಿ ಸುರಿದರೆ ಮಳೆ ಬಂತು. ಅವಳೇ ಅಟ್ಟದಿಂದ ತಗಡು ಇಳಿಸಿ, ಮದುವೆಯಾದಂದಿನಿಂದ ತಡೆದಿಟ್ಟುಕೊಂಡಿದ್ದ ಸಿಟ್ಟನ್ನೂ ಸೇರಿಸಿ ಅಲುಗಾಡಿಸಿದರೆ ಗುಡುಗು ಬಂತು. ನಾಟಕದ ಕಾಯಿಲೆಯ ಅಜ್ಜನ ಪಾಲಿಗೆ ಮೇಷ್ಟ್ರು ಕೆಮ್ಮಿದರು. ಒಂದು ಕೆಮ್ಮು ಸಾಕಾಗಿತ್ತು. "ಇದು ಸಾಲ್ದು, ಇನ್ನೊಂದು ತಗೋ, ಇದ್ರಲ್ಲಿ ದುಃಖ ಜಾಸ್ತಿ ಇದೆ" ಅಂತ ಒಂಬತ್ತು ಕೊಟ್ಟರು.

ಐದೂವರೆಗೆ ಎಲ್ಲವೂ ಸ್ಯಾಂಪ್ಲರಿನೊಳಗಿತ್ತು. ನಾಟಕಕ್ಕೆ ಇಡೀ ಜಗಲಿಯೇ ಹೊರಟು ಬಂದು ಎರಡನೇ ಸಾಲಿನಲ್ಲಿ ಕೂತಿತು.

ಮೊದಲ ಅಂಕದಲ್ಲಿ ಹಳೆಯ ಅಭ್ಯಾಸದ ಬೆರಳು ಒಂದು ಗುಂಡಿ ಆಚೆ ಬಿತ್ತು. ನಾಯಕಿ ಬಾಗಿಲು ತೆರೆದರೆ ಒಳಗಿಂದ ರೈಲು ಬಂತು. "ಈ ಮನೆ ಸ್ಟೇಷನ್ನಿಗೆ ತೀರಾ ಹತ್ರ" ಅಂದಳು ಅವಳು, ಪುಣ್ಯಾತ್ಗಿತ್ತಿ. ಗುಡುಗಪ್ಪ ಬೆವರೊರೆಸಿಕೊಂಡ. ಅಲ್ಲಿಂದಾಚೆ ಒಂದೂ ತಪ್ಪಲಿಲ್ಲ. ಕಾರ್ಖಾನೆ ಓಡಿದಾಗ ಎರಡನೇ ಸಾಲಿನಿಂದ "ಅದು ನಂದು" ಅಂತ ಒಂದು ಹೆಂಗಸಿನ ದನಿ ಕೇಳಿತು. ಅಜ್ಜ ಕೆಮ್ಮಿದಾಗ ಮೇಷ್ಟ್ರು ಎದ್ದು ನಿಂತು ಜನಕ್ಕೆ ಕೈಮುಗಿದರು. ಕೊನೆಯ ಗುಡುಗಿಗೆ ಮುನ್ನೂರು ಜನವೂ ಬೆಚ್ಚಿಬಿದ್ದು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆ ಬಿದ್ದ ಮೇಲೆ ನಿರ್ದೇಶಕರು ಬಂದು ಗುಡುಗಪ್ಪನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ಜೀವ ಇರೋ ಸದ್ದು ನಾನು ಕೇಳೇ ಇರ್ಲಿಲ್ಲ. ನನ್ನ ಭಾಮೈದನ ಮಾತು ಮರೆತುಬಿಡಿ. ಅವನು ಬೇಡವೇ ಬೇಡ."

ಗುಡುಗಪ್ಪನ ಕಣ್ಣು ಒದ್ದೆಯಾಯಿತು. ಬೆಳಗಿನಿಂದ ಹಿಡಿದಿದ್ದ ಉಸಿರು ಆಗ ಹೊರಗೆ ಬಂತು.

"ಈಗ ತಾನೇ ಹೊರಗಡೆ ನಿಮ್ಮ ಬೀದಿಯವರೆಲ್ಲರ ಹತ್ರಾನೂ ಮಾತಾಡ್ದೆ" ಅಂದರು ನಿರ್ದೇಶಕರು. "ಮುಂದಿನ ಆಟದಿಂದ ಅವರನ್ನೇ ಇಲ್ಲಿ ಕೂರಿಸ್ತೀನಿ. ಅವರೇ ಬಂದು ಕೆಮ್ಮಿ, ಹೊಲಿದು, ತಗಡು ಅಲ್ಲಾಡಿಸೋವಾಗ ನಡುವೆ ಆ ಡಬ್ಬ ಯಾಕೆ? ನಿಮ್ಮ ಮನೆಯವರೂ ಒಪ್ಪಿದ್ದಾರೆ. ಕುರ್ಚಿ ಮಾತ್ರ ಮೇಷ್ಟ್ರಿಗೆ ಬೇಕಂತೆ, ನಿಂತ್ಕೊಂಡು ಕೆಮ್ಮೋಕಾಗಲ್ವಂತೆ."

"ಹಾಗಾದ್ರೆ ನಾನು?"

"ನಿಮ್ಮನ್ನ ಬಿಡ್ತೀವಾ? ಆ ಅಕ್ಕನ ಮಿಷನ್ ತುಂಬ ಭಾರ ಅಂತೆ. ಪ್ರತಿ ರಿಹರ್ಸಲ್‌ಗೂ ಮೂರು ಮಹಡಿ ಹತ್ತಿಸ್ಬೇಕು. ನಂಬಿಕಸ್ತರೇ ಬೇಕು ಅದಕ್ಕೆ."

ನಿರ್ದೇಶಕರ ಬೆನ್ನ ಹಿಂದೆ ಟೈಲರಕ್ಕ ಆಗಲೇ ಬಂದು ನಿಂತಿದ್ದಳು. "ಬುಧವಾರ ಐದಕ್ಕೇ ಬಂದ್ಬಿಡಿ ಅಣ್ಣ" ಅಂದಳು. "ಹೊತ್ಕೊಳ್ಳೋವಾಗ ಮಾತ್ರ ವಾಲಿಸ್ಬೇಡಿ, ಎಣ್ಣೆ ಸೋರುತ್ತೆ."