ಕರಿಯವ್ವನ ಶನಿವಾರ

ಯಾರೂ ಕಲಿಸದೆ ತಾನೇ ಏನಾದರೂ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ, ಕೇಳದವರಿಗೂ ಹೇಳುವ ಚಟ. ನನಗದು ಪ್ರಾಣಿಗಳ ಕ್ಷೇಮದ ವಿಷಯದಲ್ಲಿ ಅಂಟಿತು. ಕೋಳಿಗೂ ಬೇಸರವಾಗುತ್ತದೆಯೇ ಎಂದು ಮೊಬೈಲಿನಲ್ಲಿ ಓದಿದ್ದನ್ನು ಊಟದ ಹೊತ್ತಿಗೆ ತೆಗೆದರೆ ಅವ್ವ, "ಮೊದಲ ತಾಟಿನಾಗಿಂದು ತಿನ್ನಪಾ, ಆರ್ತದ" ಅನ್ನುತ್ತಾಳೆ.

ಮರಾಠಿ ಸೀಮೆಯ ಬಿಬವೇವಾಡಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಹೆಚ್ಚಿನವರು ವಿಜಾಪುರ, ಬಾಗಲಕೋಟೆ ಕಡೆಯವರು. ಪಾರ್ಕಿಂಗಿನಲ್ಲಿ ಕರಿಯವ್ವ ಎಂಬ ಕಪ್ಪು ನಾಯಿ ಇದೆ. ಭಾನುವಾರ ಬಂತೆಂದರೆ ಅದರ ಹೊಟ್ಟೆ ಕೆಡುತ್ತಿತ್ತು, ಅದೂ ಚೇರ್ಮನ್ ಕುಲಕರ್ಣಿ ಕಾಕಾರ ಸ್ಕೂಟರಿನ ಬುಡದಲ್ಲೇ. "ಇನ್ನೊಮ್ಮೆ ಹಿಂಗಾದ್ರ ಅದನ್ನ ಗಾಡ್ಯಾಗ ಹಾಕಿ ದೂರ ಬಿಡಸ್ತೀನಿ" ಎಂದು ಕಾಕಾ ಗುಡುಗಿದರು. ನನಗೆ ಗಾಬರಿಯಾಯಿತು. ಬೀದಿನಾಯಿಗಳ ಬಗ್ಗೆ ಸಂಶೋಧನೆ ಮಾಡುವ ಧಾರವಾಡದ ಮೇಡಂ ಒಬ್ಬರು ಪರಿಚಯವಿದ್ದರು. ನಾಯಿಯ ಜೊತೆ ಬದುಕುವ ಜನರೇ ಪ್ರಶ್ನೆ ಆರಿಸಬೇಕು ಎಂಬುದು ಅವರ ಪದ್ಧತಿ. ಅವರನ್ನು ಕರೆಸಿ, ಟೆರೇಸಿನ ಮೇಲೆ ಚಹಾ ಇಟ್ಟು, ಎಲ್ಲರನ್ನೂ ಕೂಡಿಸಿದೆ.

"ಈ ನಾಯಿ ಬಗ್ಗೆ ನಿಮಗ ಏನ್ ತಿಳ್ಕೋಬೇಕನಸ್ತದ್ರಿ?" ಎಂದು ಮೇಡಂ ಕೇಳಿದರು. ಮೂರನೇ ಮಹಡಿಯ ಪಾಟೀಲ ಕಾಕು ಬಾಯಿ ಬಿಟ್ಟರು: "ನಮ್ಮ ಹುಡುಗಗ ಸಾಡೇಸಾತಿ ಶನಿ ನಡದದ್ರಿ. ಶನಿವಾರ ಎಣ್ಣಿ ಹಚ್ಚಿದ ಚಪಾತಿ ಕರೇ ನಾಯಿಗೆ ಹಾಕ್ತೀನಿ. ಅದು ಶನಿದೇವರಿಗೆ ಮುಟ್ಟತದೋ ಇಲ್ಲೋ?" ಪಕ್ಕದವರು ಬೆಚ್ಚಿದರು. "ಅಯ್ಯ, ನಾನೂ ಹಾಕ್ತೀನಲ್ಲ!" ಹಿಂದಿನಿಂದ ಇನ್ನೊಂದು ದನಿ, "ನಾವೂ." ನಮ್ಮ ಓಣಿಗೆಲ್ಲ ಕಪ್ಪು ನಾಯಿ ಇದೊಂದೇ, ಇಡೀ ಸೊಸೈಟಿಯ ಶನಿಕಾಟ ಅದರ ಹೊಟ್ಟೆಗೆ ಇಳಿಯುತ್ತಿತ್ತು! ಕೊನೆಗೆ ಚೇರ್ಮನ್ನರ ಹೆಂಡತಿ ಸುಮಿತ್ರಾ ಕಾಕು ಮೆಲ್ಲಗೆ ಕೈಯೆತ್ತಿದರು. ಕಾಕಾ ಹೌಹಾರಿ, "ನೀನೂ?" ಅಂದರು. "ನಿಮ್ಮ ಸಲುವಾಗೇ ರೀ."

"ಹಂಗಾದ್ರ ಸ್ವಲ್ಪ ದಿವಸ ನಿಲ್ಲಿಸಿ ನೋಡೋಣೇನ್ರಿ?" ಎಂದರು ಮೇಡಂ. ಎಲ್ಲರೂ ಚಹಾದ ಕಪ್ಪಿಗೆ ಬಾಯಿ ಹಚ್ಚಿದರು. ಶನಿಯನ್ನು ಎದುರು ಹಾಕಿಕೊಳ್ಳುವವರು ಯಾರು? ಪಾಟೀಲ ಕಾಕು ಮಾತ್ರ ಸಂಶೋಧನೆಗೆ ಇಳಿದಿದ್ದರು. "ಕಂದು ನಾಯಿ ನಡೀತದೇನ್ರಿ, ಮೇಡಂ? ಇದನ್ನ ನಿಮ್ಮ ಅಭ್ಯಾಸದಾಗ ಹಾಕ್ರಿ." ಮೇಡಂ ನಗಲಿಲ್ಲ, ಯೋಚಿಸಿದರು. ನಾನೂ ಯೋಚಿಸಿದೆ. ನಾನು ಓದಿದ್ದರಲ್ಲಿ ಈ ಪ್ರಶ್ನೆ ಎಲ್ಲೂ ಇರಲಿಲ್ಲ.

ದಾರಿ ತೋರಿಸಿದವರು ಸುಮಿತ್ರಾ ಕಾಕು. "ಎಲ್ಲಾರ ಹೆಸರಲೆ ಒಂದೇ ಚಪಾತಿ. ಎಲ್ಲಾರೂ ಮುಟ್ಟಿ ಕೊಡೋಣ, ಆತಿಲ್ಲೊ?" ಕಾಕಾ ಗೊಣಗುತ್ತ ಒಪ್ಪಿದರು. "ಹೊಟ್ಟಿ ನೆಟ್ಟಗಾದ್ರ ಇರಲಿ ಬಿಡ್ರಿ." ಚಪಾತಿಯನ್ನು ಮನೆಮನೆಗೆ ಒಯ್ಯುವವರು ಯಾರು ಎಂದಾಗ ಎಲ್ಲರೂ ನನ್ನತ್ತ ತಿರುಗಿದರು. ಅವ್ವನೇ ಮೊದಲು.

ಕರಿಯವ್ವನ ಹೊಟ್ಟೆ ನೆಟ್ಟಗಾಯಿತು, ಪಾರ್ಕಿಂಗಿನಲ್ಲಿ ಅದರ ಜಾಗವೂ ಉಳಿಯಿತು. ಶನಿವಾರ ನಾನು ಎಲ್ಲ ಬಾಗಿಲು ಸುತ್ತಿ ಇಳಿದು ಬಂದು ಆ ಒಂದು ಚಪಾತಿ ಇಡುತ್ತೇನೆ. ಅದು ಮೂಸುತ್ತದೆ, ನನ್ನ ಕೈಯ ಖಾಲಿ ತಟ್ಟೆ ನೋಡುತ್ತದೆ, ಆಮೇಲೆ ನನ್ನ ಮುಖ ನೋಡುತ್ತದೆ. ಸಭೆಗೆ ಎಲ್ಲರನ್ನೂ ಕರೆದವನು ಈ ನಾಯಿಯೊಂದನ್ನು ಕೇಳಿರಲಿಲ್ಲ. ಕಾಕಾ ಬಂದರೆ ಬಾಲ ಅಲ್ಲಾಡಿಸುವ ಕರಿಯವ್ವ, ಇಡೀ ಸೊಸೈಟಿಯಲ್ಲಿ ಗುರ್ ಎನ್ನುವುದು ಈಗ ನನಗೊಬ್ಬನಿಗೇ.