ಹಗ್ಗ ಎಸೆಯುವ ಹಕ್ಕು

ಬಂಟ್ವಾಳದಲ್ಲಿ ಸೂರ್ಯನ ಮೇಲೆ ವೈಯಕ್ತಿಕ ಹಗೆ ಇಟ್ಟುಕೊಂಡಿರುವ ಏಕೈಕ ವ್ಯಕ್ತಿ ನನ್ನ ಸೋದರಮಾವ. ಉತ್ಪ್ರೇಕ್ಷೆ ಎನ್ನಿಸಿದರೆ ಯಾವುದಾದರೂ ಭಾನುವಾರ ನೇತ್ರಾವತಿಯ ದಡಕ್ಕೆ ಬನ್ನಿ. ಮೂಗಿನ ತುಂಬ ಬಿಳಿ ಮುಲಾಮು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಅದರಡಿಯಿಂದ ಕಿವಿ ಮುಚ್ಚುವಂತೆ ಇಳಿಬಿಟ್ಟ ಬೈರಾಸು ಎಂಬ ಟವೆಲು, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಕಾಲಿಗೆ ಕಾಲುಚೀಲ! ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುತ್ತಿದ್ದ ಕಲಾವಿದನೊಬ್ಬ ಅರ್ಧದಲ್ಲೇ ಎದ್ದು ಬಂದಂತೆ ಅವರು ಹನ್ನೆರಡು ಅಡಿಯ ದೋಣಿಯೊಂದರಲ್ಲಿ ಕುಳಿತಿರುತ್ತಾರೆ.

ಅದು ಮೀನು ಹಿಡಿಯುವ ದೋಣಿಯಲ್ಲ. ಮರಳು ತುಂಬುವ ದೋಣಿಯಲ್ಲ. ಜನರನ್ನು ದಾಟಿಸುವ ದೋಣಿಯೂ ಅಲ್ಲ. ಸುಮ್ಮನೆ ಕುಳಿತುಕೊಳ್ಳುವುದಕ್ಕೆಂದೇ ಕೊಂಡ ದೋಣಿ! ದುಡಿಯದ ದೋಣಿಯನ್ನು ನಮ್ಮ ಊರು ಅದುವರೆಗೆ ಕಂಡಿರಲಿಲ್ಲವಾದ್ದರಿಂದ ದಡದಲ್ಲಿ ನಿಂತವರು ಕೇಳದೆ ಬಿಡುತ್ತಿರಲಿಲ್ಲ.

"ಇದರಲ್ಲಿ ಎಂತ ಮಾಡುದು ನೀವು?"

"ಕೂತುಕೊಳ್ಳುದು."

"ಅದು ಸರಿ. ಕೆಲಸ ಎಂತ?"

"ಅದೇ ಕೆಲಸ."

ಈ ಉತ್ತರದ ಹಿಂದೆ ಒಂದು ಇತಿಹಾಸವಿದೆ. ಮಾವ ಇಪ್ಪತ್ತಾರು ವರ್ಷ ಗಲ್ಫಿನಲ್ಲಿದ್ದರು. ಶ್ರೀಮಂತರ ವಿಹಾರದ ದೋಣಿಗಳು ಬಂದು ನಿಲ್ಲುವ ಧಕ್ಕೆಯೊಂದರಲ್ಲಿ ಅವರಿಗೆ ಕೆಲಸ. ದೋಣಿಯ ಮೇಲಿನಿಂದ ಯಾರೋ ಎಸೆದ ಹಗ್ಗವನ್ನು ಹಿಡಿದು ಕಂಬಕ್ಕೆ ಕಟ್ಟುವುದು, ಅವರು ಹೊರಡುವಾಗ ಬಿಚ್ಚಿಕೊಡುವುದು. ನಿವೃತ್ತರಾಗಿ ಊರಿಗೆ ಬಂದ ದಿನವೇ, ಪೆಟ್ಟಿಗೆ ತೆರೆಯುವ ಮೊದಲೇ, ಅವರು ಹಜಾರದಲ್ಲಿ ನಿಂತು ಘೋಷಿಸಿದರು: "ಇಷ್ಟು ವರ್ಷ ಹಗ್ಗ ಹಿಡಿದದ್ದು ಸಾಕು. ಇನ್ನು ನಾನು ಎಸೆಯುವವ. ಹಿಡಿಯುವವರು ಬೇರೆ ಯಾರಾದ್ರೂ ಆಗ್ಲಿ!"

ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಉಂಟು. ಅದನ್ನು ಎಸೆಯಿರಿ. ಅದಕ್ಕೆ ದೋಣಿ ಯಾಕೆ?"

ದೋಣಿ ಬಂತು. ಒಬ್ಬ ಕಾರ್ಮಿಕ ತನ್ನ ಬದುಕಿನ ಕೊನೆಯ ಭಾಗದಲ್ಲಿ ವಿರಾಮದ ಹಕ್ಕನ್ನು ಚಲಾಯಿಸುತ್ತಿದ್ದಾನೆ ಎಂದು ನಾನು ಹೆಮ್ಮೆಪಟ್ಟೆ. ಅತ್ತೆ ಮಾತ್ರ ಅದನ್ನು ಹುಚ್ಚು ಎಂದು ಕರೆದರು. ಇಬ್ಬರೂ ಸರಿ ಎಂದು ಈಗ ಅನ್ನಿಸುತ್ತದೆ.

ಮಾವನ ಎಡಗಿವಿಯ ಮೇಲ್ತುದಿ ಇಲ್ಲ. ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿ ಮಾಯವಾಗಿದೆ. ಅದು ಹೇಗೆ ಹೋಯಿತು ಎಂಬುದಕ್ಕೆ ಅವರ ಬಳಿ ಹಲವು ಕತೆಗಳಿದ್ದವು. ನನಗೆ ಹೇಳಿದ್ದು, ಒಬ್ಬ ಶೇಖನ ಗಿಡುಗ ಕುಕ್ಕಿತು ಎಂದು. ತಂಗಿಗೆ ಹೇಳಿದ್ದು, ಕ್ಷೌರಿಕ ಫುಟ್ಬಾಲ್ ನೋಡುತ್ತಾ ಕತ್ತರಿ ಆಡಿಸಿದ ಎಂದು. ಅತ್ತೆಗೆ, ಬಾಗಿಲಿಗೆ ಸಿಕ್ಕಿತು ಎಂದು. ನಾನೊಮ್ಮೆ ಹಟ ಹಿಡಿದು ಕೇಳಿದೆ.

"ನಿಜವಾದದ್ದು ಯಾವುದು ಮಾವ?"

"ನಿನಗೆ ಯಾವುದು ಇಷ್ಟ ಆಯ್ತು?"

"ಗಿಡುಗ."

"ಹಾಗಾದ್ರೆ ಗಿಡುಗವೇ."

ದೋಣಿ ಬಂದ ಮರುವಾರವೇ ಬಿಸಿಲಿನ ವಿರುದ್ಧ ಸಮರ ಆರಂಭವಾಯಿತು. ನಾಲ್ಕು ಪ್ಲಾಸ್ಟಿಕ್ ಪೈಪು ನಿಲ್ಲಿಸಿ ಮೇಲೆ ನೀಲಿ ಟರ್ಪಾಲು ಬಿಗಿದರು. ಪಡುವಣ ಗಾಳಿ ಎಂಬುದೊಂದು ಮಧ್ಯಾಹ್ನದ ಮೇಲೆ ನದಿಗುಂಟ ಬೀಸುತ್ತದೆ ಎಂಬ ಸಂಗತಿ ಅವರ ಯೋಜನೆಯಲ್ಲಿ ಇರಲಿಲ್ಲ. ಗಾಳಿ ಟರ್ಪಾಲಿನೊಳಗೆ ಹೊಕ್ಕಿತು. ತಾನು ಚಪ್ಪರ ಕಟ್ಟಿದ್ದೇನೆ ಎಂದುಕೊಂಡಿದ್ದ ಮಾವ ವಾಸ್ತವದಲ್ಲಿ ಹಾಯಿ ಕಟ್ಟಿದ್ದರು! ದೋಣಿ ಸೇತುವೆಯ ಕಂಬದ ಕಡೆಗೆ ಓಡತೊಡಗಿತು. ಮಾವ ಎದ್ದು ನಿಂತು ಎರಡೂ ಕೈ ಬೀಸಿ ಕೂಗಿದರು: "ಸರಿಯಿರಿ! ಪಕ್ಕಕ್ಕೆ ಸರಿಯಿರಿ!" ಸೇತುವೆಯ ಮೇಲಿದ್ದವರು ಸರಿದರು. ಸೇತುವೆ ಸರಿಯಲಿಲ್ಲ. ಆಮೇಲೆ ಟರ್ಪಾಲಿನ ಬದಲಿಗೆ ಹೆಣೆದ ತೆಂಗಿನ ಮಡಲಿನ ಚಪ್ಪರ ಬಂತು. ಗಾಳಿ ಹಾದುಹೋಗುತ್ತದೆ, ಬಿಸಿಲು ಹಾದುಬರುವುದಿಲ್ಲ. ಆ ಚಪ್ಪರವನ್ನು ಅವರು ಮಗುವಿನಂತೆ ನೋಡಿಕೊಂಡರು.

ದೋಣಿ ಹತ್ತುವವರಿಗೂ ನಿಯಮವಿತ್ತು. ಮುಟ್ಟಾಳೆ ಇಲ್ಲದವರಿಗೆ ಪ್ರವೇಶವಿಲ್ಲ, ಮುಲಾಮು ಹಚ್ಚಿಕೊಳ್ಳದವರಿಗೆ ಮುಟ್ಟಾಳೆ ಇಲ್ಲ. ತಂಗಿಯ ಗಂಡನ ಮನೆಯವರು ಮೂಡುಬಿದಿರೆಯಿಂದ ಮೊದಲ ಬಾರಿ ಬಂದಾಗಲೂ ಇದರಲ್ಲಿ ರಿಯಾಯಿತಿ ಇರಲಿಲ್ಲ. ತಂಗಿಯ ಗಂಡನ ತಂದೆ ನಿವೃತ್ತ ಮುಖ್ಯೋಪಾಧ್ಯಾಯರು, ಇಸ್ತ್ರಿ ಹಾಕಿದ ಪಂಚೆಯಷ್ಟೇ ಗಂಭೀರ ಮನುಷ್ಯ.

"ಮಾಸ್ಟ್ರೇ, ಮೂಗು ಕೊಡಿ."

"ಏನು?"

"ಮೂಗು. ಹಚ್ಚಿ ಕೊಡ್ತೇನೆ."

"ನನಗೆ ಇದೆಲ್ಲ ಅಭ್ಯಾಸ ಇಲ್ಲ."

"ಹಾಗಾದ್ರೆ ದಡದಲ್ಲಿ ಕೂತ್ಕೊಳ್ಳಿ. ನಿಮ್ಮ ಹೆಂಡತಿಯನ್ನು ಕರ್ಕೊಂಡು ಹೋಗಿ ಬರ್ತೇನೆ."

ಮಾಸ್ಟರು ಮೂಗು ಕೊಟ್ಟರು. ಸಾಲಾಗಿ ಕುಳಿತ ಆರು ಬಿಳಿ ಮೂಗುಗಳ ಫೋಟೋ ಸಂಜೆಯೊಳಗೆ ಎರಡೂ ಕುಟುಂಬಗಳ ವಾಟ್ಸಾಪಿನಲ್ಲಿ ಹರಿದಾಡಿತು. ಸಂಬಂಧ ಕೆಟ್ಟಿತೆಂದು ಅತ್ತೆ ತಲೆಯ ಮೇಲೆ ಕೈ ಹೊತ್ತರು. ವಾರ ಕಳೆದ ಮೇಲೆ ಮೂಡುಬಿದಿರೆಯಿಂದ ಫೋನು ಬಂತು. ಮಾಸ್ಟರೇ. ತಗ್ಗಿದ ದನಿಯಲ್ಲಿ ಕೇಳಿದರು: "ಆ ಮುಲಾಮಿನ ಹೆಸರು ಎಂತ?"

ಹೀಗೆ ಸುಖವಾಗಿದ್ದ ಕಾಲದಲ್ಲಿ ನಮ್ಮ ಹಳೆಯ ಕಡವಿನಲ್ಲಿ, ಎಂದರೆ ಸೇತುವೆ ಇಲ್ಲದ ಕಾಲದಲ್ಲಿ ಜನ ದೋಣಿ ಹತ್ತುತ್ತಿದ್ದ ಜಾಗದಲ್ಲಿ, ಪ್ರವಾಸಿಗರಿಗೆಂದು ಮರದ ಹಲಗೆಯ ಧಕ್ಕೆಯೊಂದು ಎದ್ದಿತು. ವಾಹನ ನಿಲ್ಲಿಸಲು, ಕಡವಿಗೆ ನೆರಳಾಗಿದ್ದ ಮೂರು ಗೋಳಿಮರಗಳನ್ನು ಉರುಳಿಸಿದರು. ಬೇಲಿ ಬಂತು, ಟಿಕೆಟಿನ ಕೋಣೆ ಬಂತು, ಕೋಣೆಯೊಳಗೆ ಫ್ಯಾನಿನಡಿಯಲ್ಲಿ ಗುತ್ತಿಗೆದಾರರು ಬಂದರು. ಹೊರಗೆ ಒಂದು ಫಲಕ: ಕಂಬಕ್ಕೆ ಖಾಸಗಿ ದೋಣಿ ಕಟ್ಟಿದರೆ ಪ್ರತಿ ಅಡಿಗೆ ದಿನಕ್ಕೆ ಹತ್ತು ರೂಪಾಯಿ ಶುಲ್ಕ. ಅಂದು ನಮ್ಮ ಊರಿನಲ್ಲಿ ಖಾಸಗಿ ವಿಹಾರದ ದೋಣಿ ಇದ್ದದ್ದು ಎಷ್ಟು? ಒಂದೇ ಒಂದು!

"ನದಿಗೆ ಬಾಡಿಗೆಯಾ?" ಎಂದು ಮಾವ ಅಬ್ಬರಿಸಿದರು.

"ನದಿಗೆ ಅಲ್ಲ ಅಣ್ಣಾ, ಕಂಬಕ್ಕೆ," ಎಂದರು ಗುತ್ತಿಗೆದಾರರು. "ಹನ್ನೆರಡು ಅಡಿ ಉಂಟು. ನೂರಿಪ್ಪತ್ತು."

"ಹನ್ನೆರಡು ಎಲ್ಲಿ ಉಂಟು? ಮುಂದಿನ ಎರಡು ಅಡಿ ದೋಣಿಯೇ ಅಲ್ಲ. ಅದು ಮೂಗು. ಮೂಗಿಗೆ ಯಾರಾದ್ರೂ ಬಾಡಿಗೆ ಕೇಳ್ತಾರಾ?"

"ಮೂಗು ಇಲ್ಲದ ದೋಣಿ ತನ್ನಿ, ಕೇಳುದಿಲ್ಲ."

ಮಾವ ಅಸಹಕಾರ ಚಳವಳಿ ಹೂಡಿದರು. ಅತ್ತೆಯ ಕಡೆಯುವ ಕಲ್ಲಿಗೆ ಹಗ್ಗ ಬಿಗಿದು, ಅದನ್ನೇ ಲಂಗರು ಮಾಡಿ, ದಡದಿಂದ ತುಸು ದೂರದಲ್ಲಿ ದೋಣಿ ನಿಲ್ಲಿಸಿದರು. ಅಲ್ಲಿಂದ ಅಂಗಿಯನ್ನು ಪಾತ್ರೆಯಲ್ಲಿಟ್ಟು, ಪಾತ್ರೆಯನ್ನು ತಲೆಯ ಮೇಲಿಟ್ಟು, ಎದೆಮಟ್ಟದ ನೀರಿನಲ್ಲಿ ನಡೆದು ಮನೆಗೆ ಬರುವರು. ನಾಲ್ಕು ದಿನ ಇದು ನಡೆಯಿತು. ಐದನೆಯ ಬೆಳಿಗ್ಗೆ ಅತ್ತೆ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು ನದಿಯ ದಡಕ್ಕೇ ಬಂದರು. "ಕಲ್ಲು ನೀರಿನ ಅಡಿಯಲ್ಲಿ ಉಂಟಲ್ಲ, ಅಲ್ಲಿಯೇ ಹೋಗಿ ಕಡೆದು ತನ್ನಿ. ನನಗೆ ದೋಸೆಗೆ ಹೊತ್ತಾಯ್ತು!" ಕಲ್ಲು ಮನೆಗೆ ಮರಳಿತು. ಚಳವಳಿಗೆ ಬೇರೆ ದಾರಿ ಬೇಕಾಯಿತು.

ಆ ದಾರಿಯನ್ನು ತೋರಿಸಿದ್ದು ನಾನು. ಬೆಳ್ತಂಗಡಿಯ ಕಚೇರಿಗಳ ಮೆಟ್ಟಿಲು ಹತ್ತುತ್ತಾ, ಜನರ ಪರವಾಗಿ ಅರ್ಜಿ ಬರೆಯುತ್ತಾ ಅರ್ಧ ಬದುಕು ಕಳೆದವಳು ನಾನು. ಅನ್ಯಾಯವನ್ನು ಅನ್ಯಾಯವೆಂದು ಹೆಸರಿಟ್ಟು ಕರೆಯದೆ ಅದು ತೊಲಗುವುದಿಲ್ಲ ಎಂಬುದು ನನ್ನ ನಂಬಿಕೆ, ಇಂದಿಗೂ. ಕಡವಿನ ಬಗ್ಗೆ ಹದಿನಾಲ್ಕು ಅನ್ಯಾಯಗಳ ಪಟ್ಟಿ ಮಾಡಿದೆ. ಕಡಿದ ಗೋಳಿಮರ, ಸಾರ್ವಜನಿಕ ದಾರಿಗೆ ಬಿದ್ದ ಬೇಲಿ, ಸದಾ ಬೀಗ ಹಾಕಿದ ಶೌಚಾಲಯ, ಯಾರನ್ನೂ ಕೇಳದೆ ನಿಗದಿಯಾದ ಶುಲ್ಕ, ಹೀಗೆ. ಫಲಕವನ್ನು ಎರಡೆರಡು ಬಾರಿ ಓದಿ ಮಾವನಿಗೆ ಹೇಳಿದೆ: "ಕಂಬಕ್ಕೆ ಕಟ್ಟಿದರೆ ಮಾತ್ರ ಶುಲ್ಕ. ಯಾರಾದರೂ ಕೈಯಲ್ಲಿ ಹಿಡಿದುಕೊಂಡರೆ ಇಲ್ಲ!"

ಮಾವನ ಬಿಳಿ ಮೂಗು ಅರಳಿತು. "ನಿನ್ನನ್ನು ಓದಿಸಿದ್ದು ಸಾರ್ಥಕ ಮಾರಾಯ್ತಿ!"

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ, ಏಪ್ರಿಲಿನ ಸುಡುಬಿಸಿಲಿನಲ್ಲಿ, ನಾವಿಬ್ಬರೂ ದೋಣಿಯಲ್ಲಿ ಧಕ್ಕೆಗೆ ಬಂದೆವು. ಅಲ್ಲಿ ಹಗ್ಗ ಹಿಡಿದು ಕಟ್ಟುವ ಕೆಲಸಕ್ಕೆ ಇದ್ದವಳು ಕುಸುಮ. ಚಾರ್ಮಾಡಿಯ ಕಡೆಯವಳು, ನಲವತ್ತು ದಾಟಿದ ಹೆಂಗಸು, ಮೊದಲ ಬಸ್ಸಿಗೆ ಬಂದು ಸಂಜೆಯವರೆಗೆ ಹಲಗೆಯ ಮೇಲೆ ನಿಂತಿರುವವಳು. ಮಾವ ಎದ್ದು ನಿಂತು, ಬಹುಕಾಲದಿಂದ ಕನಸು ಕಂಡಿದ್ದ ಭಂಗಿಯಲ್ಲಿ, ಹಗ್ಗ ಎಸೆದರು. ಕುಸುಮ ಹಿಡಿದಳು.

"ಕಂಬಕ್ಕೆ ಕಟ್ಟಬೇಡ. ಕೈಯಲ್ಲೇ ಹಿಡ್ಕೊ. ಎರಡು ನಿಮಿಷ, ಬಂದೆ."

"ಆಯ್ತಣ್ಣ."

ನಾವು ಟಿಕೆಟಿನ ಕೋಣೆ ಹೊಕ್ಕೆವು. ಮಾವ ಫಲಕದ ಮಾತು ಎತ್ತಿದರು, ನಾನು ಪಟ್ಟಿ ಬಿಚ್ಚಿದೆ. ಪ್ರತಿ ಅನ್ಯಾಯಕ್ಕೂ ಪೀಠಿಕೆ, ವಿವರಣೆ, ಬೇಡಿಕೆ. ಐದನೆಯದು ಮುಗಿದಾಗ ಗುತ್ತಿಗೆದಾರರು ಹೂಜಿಯಿಂದ ನೀರು ಬಗ್ಗಿಸಿದರು: "ಕುಡೀರಿ ಅಕ್ಕ. ಇನ್ನೂ ಒಂಬತ್ತು ಉಂಟಲ್ಲ." ನಾನು ಕುಡಿದು ಮುಂದುವರಿಸಿದೆ. ಹನ್ನೊಂದನೆಯದಕ್ಕೆ ಅವರು ಹಣೆ ಒತ್ತಿಕೊಂಡರು. ಹದಿನಾಲ್ಕನೆಯದಕ್ಕೆ ಕೈ ಮುಗಿದರು. "ಆಯ್ತು ಮಾರಾಯ್ರೆ! ಕಂಬಕ್ಕೆ ಕಟ್ಟದಿದ್ರೆ ಫೀಸಿಲ್ಲ. ನೀವು ಗೆದ್ರಿ. ಸಾಕಾ?"

ಮಾವ ಗೆದ್ದ ಸೈನ್ಯದಂತೆ ಹೊರಬಂದರು. ನಾನೂ ಹಿಂದೆಯೇ ಬಂದೆ. ಎರಡು ಹೆಜ್ಜೆಯಲ್ಲಿ ಮಾವ ನಿಂತುಬಿಟ್ಟರು.

ಕುಸುಮ ನಾವು ಬಿಟ್ಟ ಜಾಗದಲ್ಲೇ ಇದ್ದಳು. ನೀರು ದೋಣಿಯನ್ನು ಸೆಳೆಯುತ್ತಿತ್ತು. ಹಗ್ಗ ಜಾರದಿರಲೆಂದು ಅದನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಸೆರಗು ತಲೆಯ ಮೇಲಿತ್ತು. ಹಲಗೆಯ ಕಾವಿಗೆ ಒಂದು ಕಾಲನ್ನೆತ್ತಿ ಇನ್ನೊಂದರ ಮೇಲೆ ಇಡುವುದು, ಮತ್ತೆ ಬದಲಿಸುವುದು. ಮಡಲಿನ ಚಪ್ಪರದ ಕೆಳಗೆ, ಒಳ್ಳೆಯ ನೆರಳಿನಲ್ಲಿ, ಮಾವನ ಖಾಲಿ ದೋಣಿ ತೂಗುತ್ತಿತ್ತು.

"ಕುಸುಮ, ಎಷ್ಟು ಹೊತ್ತಾಯ್ತು?"

"ಗೊತ್ತಿಲ್ಲಣ್ಣ. ಹನ್ನೆರಡೂವರೆಯ ಬಸ್ಸಿನ ಹಾರನ್ ಆಗಲೇ ಕೇಳಿತು."

"ಕಟ್ಟಿಬಿಡ್ಲಿಕ್ಕೆ ಆಗ್ತಿರಲಿಲ್ವಾ?"

"ನೀವೇ ಕಟ್ಟಬೇಡ ಅಂದ್ರಲ್ಲ."

ಮಾವ ಅವಳ ಕೈಯಿಂದ ಹಗ್ಗ ಬಿಡಿಸಿಕೊಂಡರು. ಕಂಬದ ಬಳಿ ಬಾಗಿ, ಕಣ್ಣು ಮಿಟುಕಿಸುವುದರೊಳಗೆ ಬಿಗಿದರು. ಇಪ್ಪತ್ತಾರು ವರ್ಷ ಕಟ್ಟಿ, ಊರಿಗೆ ಬಂದ ಮೇಲೆ ಮರೆಯಲು ಯತ್ನಿಸಿದ್ದ ಗಂಟನ್ನು ಅವರ ಬೆರಳುಗಳು ಮರೆತಿರಲಿಲ್ಲ. ಆಮೇಲೆ ಬೈರಾಸು ಬಿಚ್ಚಿದರು. ಮುಟ್ಟಾಳೆ ತೆಗೆದು ಅವಳ ತಲೆಗೆ ಇಟ್ಟರು. ಬಯಲಿನಲ್ಲಿ ಮಾವನ ಬರಿದಲೆಯನ್ನು ನಾನು ಕಂಡದ್ದು ಅದೇ ಮೊದಲು.

"ಈ ಕಿವಿ ನೋಡು."

"ಗೊತ್ತುಂಟು," ಎಂದಳು ಕುಸುಮ ನಗುತ್ತಾ. "ಏಡಿ ಕಚ್ಚಿದ್ದು ಅಂತ ಹೇಳಿದ್ರಿ."

"ಏಡಿ ಅಲ್ಲ. ಬಿಸಿಲು. ಧಕ್ಕೆಯಲ್ಲಿ ನೆರಳು ಕೊಡ್ಲಿಲ್ಲ, ನಾನು ಕೇಳ್ಲಿಲ್ಲ. ಸಣ್ಣ ಹುಣ್ಣು ಆಯ್ತು, ಗುಣ ಆಗ್ಲಿಲ್ಲ. ಡಾಕ್ಟ್ರು ಅಷ್ಟನ್ನು ಕತ್ತರಿಸಿ ತೆಗೆದ್ರು. ಮೂರನೇ ದಿನ ಪುನಃ ಅಲ್ಲಿಯೇ ಹಗ್ಗ ಹಿಡಿದೆ. ಮನೆಯಲ್ಲಿ ಹೇಳ್ಲಿಲ್ಲ. ಹೇಳಿದ್ರೆ ಹೆಂಡತಿ ಹಣ ಬೇಡ, ಬನ್ನಿ ಅಂತ ಕರೀತಿದ್ಲು."

ನಾನು ಕೈಯಲ್ಲಿದ್ದ ಪಟ್ಟಿ ನೋಡಿದೆ. ಹದಿನಾಲ್ಕು ಅನ್ಯಾಯಗಳಲ್ಲಿ ಉರುಳಿದ ಮೂರು ಗೋಳಿಮರಗಳಿದ್ದವು. ಆ ಮರಗಳ ನೆರಳಿಲ್ಲದೆ ಬಿಸಿಲಿನಲ್ಲಿ ನಿಂತಿದ್ದ ಹೆಂಗಸು ಇರಲಿಲ್ಲ. ಅವಳ ಕೈಗೆ ಹಗ್ಗ ಕೊಡಿಸಿದವಳು ನಾನೇ.

ಮಾವ ಕೋಣೆಗೆ ಹಿಂದಿರುಗಿ ಮೇಜಿನ ಮೇಲೆ ಹಣ ಇಟ್ಟರು. "ರಸೀದಿ ಬರೀರಿ. ಹನ್ನೆರಡು ಅಡಿ. ಮೂಗು ಸೇರಿಸಿ."

ಗುತ್ತಿಗೆದಾರರು ಗಾಬರಿಯಿಂದ ನನ್ನ ಮುಖ ನೋಡಿದರು, ಹದಿನೈದನೆಯದು ಶುರುವಾಗುತ್ತದೋ ಎಂಬಂತೆ. ಶುರುವಾಯಿತು: ಧಕ್ಕೆಯಲ್ಲಿ ಹಗ್ಗ ಹಿಡಿಯುವವಳಿಗೆ ನೆರಳಿಲ್ಲ. ಈಗ ಅದೇ ಪಟ್ಟಿಯ ತಲೆಯಲ್ಲಿದೆ. ಉಳಿದ ಹದಿನಾಲ್ಕನ್ನೂ ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಉತ್ತರಕ್ಕೆ ಕಾಯುವ ತಾಳ್ಮೆ ಮಾವನಿಗಿರಲಿಲ್ಲ. ಮರುದಿನವೇ ದೋಣಿಯ ಮಡಲಿನ ಚಪ್ಪರ ಬಿಚ್ಚಿ, ಧಕ್ಕೆಯ ಹಲಗೆಯ ಮೇಲೆ ನಿಲ್ಲಿಸಿದರು. ಕೆಳಗೆ ಮನೆಯಿಂದ ತಂದ ಕುರ್ಚಿ. ಗುತ್ತಿಗೆದಾರರು ಓಡಿಬಂದರು.

"ಅಣ್ಣಾ, ಇದಕ್ಕೆ ಪರ್ಮಿಶನ್ ಉಂಟಾ?"

"ಇಲ್ಲ. ಅಳತೆ ಮಾಡಿ, ಬಾಡಿಗೆ ಎಷ್ಟಾಗ್ತದೆ ಹೇಳಿ, ಕೊಡ್ತೇನೆ. ತೆಗೆಯುದು ಮಾತ್ರ ಆಗ್ಲಿಕ್ಕಿಲ್ಲ."

"ನಾನು ತೆಗೆಸಿದ್ರೆ?"

"ಸೊಸೆಯನ್ನು ಕರ್ಕೊಂಡು ಬರ್ತೇನೆ. ಒಂದನೆಯದರಿಂದ ಪುನಃ ಓದ್ತಾಳೆ."

ಚಪ್ಪರ ಇಂದಿಗೂ ಅಲ್ಲಿಯೇ ಇದೆ.

ಕಳೆದ ಭಾನುವಾರ ನಾನು ಆ ದೋಣಿಯಲ್ಲಿದ್ದೆ. ಈಗ ಅದರಲ್ಲಿ ನೆರಳಿಲ್ಲ. ಧಕ್ಕೆ ಹತ್ತಿರವಾದಂತೆ ಕುಸುಮ ಕುರ್ಚಿಯಿಂದ ಎದ್ದು ಕೈ ಚಾಚಿದಳು. ಮಾವ ಹಗ್ಗವನ್ನು ಎತ್ತಿಕೊಂಡರು, ಆದರೆ ಎಸೆಯಲಿಲ್ಲ. ಅದನ್ನು ಹಿಡಿದುಕೊಂಡೇ, ಅರವತ್ತಾರರ ಮಂಡಿಗಳನ್ನು ಬೈದುಕೊಳ್ಳುತ್ತಾ ಹಲಗೆಗೆ ಇಳಿದರು, ತಾವೇ ಬಾಗಿ ಕಂಬಕ್ಕೆ ಬಿಗಿದರು. ಬೈರಾಸು ಹೆಗಲಿಗೆ ಜಾರಿತು.

"ಕೂತ್ಕೊ ಮಾರಾಯ್ತಿ. ನನಗೆ ಅಭ್ಯಾಸ ಉಂಟು."

ಕುಸುಮ ಕೂರಲಿಲ್ಲ. ಅವರ ಮುಖವನ್ನೇ ನೋಡಿ ಹೇಳಿದಳು: "ಮೂಗಿಗೆ ಮಾತ್ರ ಹಚ್ಚಿದ್ದೀರಿ ಅಣ್ಣ. ಕಿವಿಗೆ?"

ನನ್ನ ಮಾವ ಜೇಬಿನಿಂದ ಮುಲಾಮು ತೆಗೆದು, ಉಳಿದಿದ್ದಷ್ಟು ಕಿವಿಗೆ ಹಚ್ಚಿಕೊಂಡರು.