ಬಿಸಿಲು ಕಾಣದ ನೇರಳೆ ಪುಡಿ

ಮುಂಡರಗಿಯಲ್ಲಿ ಮಳೆಯ ಮೇಲೆ ಸಿಟ್ಟಾದವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಸೂರ್ಯನೊಂದಿಗೇ ಮಾತು ಬಿಟ್ಟವರು ನಮ್ಮ ಸೋದರಮಾವ ಒಬ್ಬರೇ! ಊರಿಗೆ ಊರೇ ಮಾಳಿಗೆಯ ಮೇಲೆ ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಹರವಿಕೊಂಡು ಕೂತಿದ್ದರೆ, ಶಾಲಾ ಮಾಸ್ತರರಾದ ಇವರು ಕಿಟಕಿಗೆ ಕಂಬಳಿ ಕಟ್ಟಿ ನೇರಳೆ ಹಣ್ಣನ್ನು ಬಿಸಿಲಿನಿಂದ ಬಚ್ಚಿಡುತ್ತಿದ್ದರು.

ಮೊದಲು ಹೀಗಿರಲಿಲ್ಲ. ಎಪ್ಪತ್ತರ ದಶಕದ ಒಂದು ಕಾರಹುಣ್ಣಿಮೆಯ ಹೊತ್ತಿಗೆ ಹತ್ತಿರದ ಡೋಣಿ ಎಂಬ ಊರಿನಿಂದ ಬುಟ್ಟಿಗಟ್ಟಲೆ ನೇರಳೆ ತರಿಸಿ, ಬೀಜ ಬಿಡಿಸಿ, ಎಲ್ಲರಂತೆ ಬಿಸಿಲಿಗೇ ಒಣಹಾಕಿದ್ದರು. ವರ್ಷವಿಡೀ ಮನೆಮಂದಿಗೆಲ್ಲ ನೇರಳೆಯ ಸತ್ವ ಸಿಗಲಿ ಎಂಬ ಸದುದ್ದೇಶ. ಪುಡಿಯಾದ ಮೇಲೆ ನೋಡಿದರೆ ನೇರಳೆ ಬಣ್ಣದ ಸುಳಿವೇ ಇಲ್ಲ! ಕಂದು ಬಣ್ಣ. ಪಕ್ಕದ ಮನೆಯ ಹಿರಿಯರು ಬಂದವರೇ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಸರ್ರನೆ ಮೂಗಿಗೇರಿಸಿದರು.

"ಮಾಸ್ತರ, ಯಾವೂರ ನಶ್ಯಾರೀ ಇದು? ಖಾರನ ಇಲ್ಲಲ್ಲ!"

ಮಾವನಿಗೆ ಅಂದೇ ಜ್ಞಾನೋದಯವಾಯಿತು. "ಬಣ್ಣ ಹೋತಂದ್ರ ಸತ್ವ ಹೋತಂತ ತಿಳೀರಿ. ಬಿಸಲು ಎರಡನ್ನೂ ತಿಂದುಬಿಡತೈತಿ!" ಎಂದು ಘೋಷಿಸಿದರು.

ಮರುವರ್ಷದಿಂದ ನಡುಮನೆ ಕತ್ತಲಕೋಣೆಯಾಯಿತು. ಹಾಸಿಗೆ ತೆಗೆದ ಮಂಚದ ಮೇಲೆ ಹಳೆಯ ಧೋತರ, ಅದರ ಮೇಲೆ ತೆಳ್ಳಗೆ ಹರವಿದ ಹಣ್ಣು, ಮೇಲೆ ಗಿರಗಿರ ಫ್ಯಾನು. ಕರೆಂಟು ಹೋಯಿತೋ, ಮುಗಿಯಿತು. ಬಂದವರ ಕೈಗೆ ಚಹಾದ ಬದಲು ಬೀಸಣಿಕೆ! ಗಾಳಿ ಅತಿಥಿಗಲ್ಲ, ಹಣ್ಣಿಗೆ.

ಇಂಥ ಮನೆಗೆ ಮಾವನ ಮಗಳನ್ನು ನೋಡಲು ಲಕ್ಷ್ಮೇಶ್ವರದಿಂದ ಬೀಗರಾಗುವವರು ಬಂದರು. ಹೊರಗಿನ ಉರಿಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಏನು ತಾನೇ ಕಂಡೀತು? ವರನ ತಂದೆ ತಡಕಾಡುತ್ತ ಹೋಗಿ ಮಂಚ ಸಿಕ್ಕಿತೆಂದು ನೆಮ್ಮದಿಯಿಂದ ಕೂತುಬಿಟ್ಟರು.

"ಅಯ್ಯೋ, ಏಳ್ರಿ ಏಳ್ರಿ! ರಸ ಹೋತು!" ಎಂದು ಮಾವ ಚೀರಿದರು.

ಅವರು ಎದ್ದು ಬೆಳಕಿಗೆ ಬಂದಾಗ ಬಿಳಿ ಧೋತರದ ಹಿಂಭಾಗದಲ್ಲಿ ಅಚ್ಚ ನೇರಳೆ ಬಣ್ಣ. ಅತ್ತೆ ನಾಚಿಕೆಯಿಂದ ಭೂಮಿಗಿಳಿದು ಹೋದರೆ, ಮಾವನ ಮುಖದಲ್ಲಿ ಸಂತೋಷ! "ನೋಡ್ರಿ, ನೆರಳಾಗ ಒಣಗಿಸಿದ್ದಕ್ಕ ಬಣ್ಣ ಹ್ಯಾಂಗ ಉಳದೈತಿ!"

ಸಂಬಂಧ ಮುರಿಯಿತೆಂದೇ ನಾವೆಲ್ಲ ತಿಳಿದೆವು. ಆದರೆ ಆ ಪುಣ್ಯಾತ್ಮರು ಹೊಟ್ಟೆ ಹಿಡಿದುಕೊಂಡು ನಕ್ಕು, "ಹುಡುಗಿ ನಮಗ ಪಸಂದ್ ಅದಾಳ. ಇಂಥಾ ಮಾವ ಸಿಕ್ಕರ ನಮ್ಮ ಹುಡುಗಗ ಜನ್ಮದಾಗ ಬ್ಯಾಸರ ಬರೂದಿಲ್ಲ" ಎಂದರು.

ಇನ್ನು ಪುಡಿ ಮಾಡುವ ಕತೆ. ಒಮ್ಮೆ ಗಿರಣಿಗೆ ಒಯ್ದವರು ಹೊರಬಿದ್ದ ಪುಡಿಗೆ ಕೈಯೊಡ್ಡಿ, ಹಾವು ಮುಟ್ಟಿದವರಂತೆ ಹಿಂದೆಗೆದರು. ಪುಡಿ ಬಿಸಿಯಾಗಿತ್ತು! ಬಿಸಿಲು ತಪ್ಪಿಸಿ ಬಂದ ಸತ್ವ ಗಿರಣಿಯಲ್ಲಿ ಸುಡಬೇಕೇ? ಅಂದಿನಿಂದ ಮನೆಯ ಬೀಸುಕಲ್ಲೇ ಗತಿ. ಅದೂ ಅತ್ತೆಯ ಕೈಯಲ್ಲಿ, ಅದೂ ನಿಧಾನವಾಗಿ.

"ಸಾವಕಾಶ ಬೀಸು. ಕಲ್ಲು ಕಾಯಬಾರದು" ಎಂದು ಮಾವ ಪಕ್ಕದಲ್ಲಿ ಕೂತು ಹೇಳುತ್ತಿದ್ದರು.

"ನಿಮ್ಮ ಹಣ್ಣಿನ ಸತ್ವ ಉಳೀತ್ರಿ," ಎನ್ನುತ್ತಿದ್ದರು ಅತ್ತೆ ಬೆವರೊರೆಸಿಕೊಂಡು, "ನನ್ನ ಸತ್ವ ಹೋತು!"

ನಾವು ನಗುತ್ತಲೇ ಇದ್ದೆವು, ಆ ಚಳಿಗಾಲದವರೆಗೆ. ಗದಗಿನ ನಮ್ಮ ಮನೆಯಲ್ಲಿ ಅವ್ವ ವಿಷಮಶೀತ ಜ್ವರದಿಂದ ಎದ್ದಿದ್ದಳು. ಎದ್ದಿದ್ದಳು ಎನ್ನುವುದೂ ಹೆಸರಿಗೆ ಮಾತ್ರ. ಬಾಯಿರುಚಿ ಸತ್ತುಹೋಗಿತ್ತು. ಗಂಜಿ ಒಯ್ದರೆ ಮುಖ ತಿರುಗಿಸುವಳು, ಹಾಲು ಕಂಡರೆ ಕಣ್ಣು ಮುಚ್ಚುವಳು. "ಹೊಟ್ಟಿಗೆ ಏನರ ಹೋಗಲೇಬೇಕು, ಇಲ್ಲಂದ್ರ ಕಷ್ಟ" ಎಂದು ಡಾಕ್ಟರು ದನಿ ತಗ್ಗಿಸಿ ಹೇಳಿಹೋಗಿದ್ದರು.

ಖಬರು ತಲುಪಿದ ಮರುದಿನ ಬೆಳಿಗ್ಗೆ ಮಾವ ಬಸ್ಸಿಳಿದು ಬಂದರು. ಕೈಯಲ್ಲಿ ಪುಡಿಯ ಬಾಟಲಿ. ತಣ್ಣೀರಿನಲ್ಲಿ ಚೂರು ಬೆಲ್ಲ ಕರಗಿಸಿ, ಪುಡಿ ಕಲಸಿ, ಅವ್ವನ ತಲೆ ಎತ್ತಿ ಹಿಡಿದು ಒಂದು ಚಮಚ ತುಟಿಗಿಟ್ಟರು. ಅವ್ವ ನುಂಗಿದಳು. ನಾಲಿಗೆಯಿಂದ ತುಟಿ ಸವರಿಕೊಂಡಳು.

"ಡೋಣಿ ಹಣ್ಣಲ್ಲೇನೋ ಇದು?" ಎಂದಳು. "ಇನ್ನೊಂದೀಟು ಹಾಕು."

ಮಾವ ಬಟ್ಟಲು ಬರಿದಾಗುವವರೆಗೂ ಹಾಕಿ, ಎದ್ದು ಹೊರಗಿನ ಕಟ್ಟೆಗೆ ಬಂದರು. ಇನ್ನು ಸತ್ವದ ಬಗ್ಗೆ ದೊಡ್ಡ ಭಾಷಣವೇ ಆದೀತೆಂದು ನಾನು ಕಾದೆ. ಅಪ್ಪನೇ ಕೇಳಿದರು, "ಏನ್ ಸತ್ವ ಐತೋ ಮಾರಾಯಾ ಅದರಾಗ?"

ಮಾವ ನೆಲ ನೋಡುತ್ತ ಹೇಳಿದರು: "ನನಗೇನ್ ಗೊತ್ತರಿ? ಸಣ್ಣಾವರಿದ್ದಾಗ ಡೋಣ್ಯಾಗ ಅಕ್ಕ ನೇರಳಿ ಗಿಡಾ ಹತ್ತತಿದ್ದಳು. ನನಗ ಅಂಜಿಕಿ. ಕೆಳಗ ಅಂಗಿ ಒಡ್ಡಿ ನಿಂದಿರತಿದ್ದೆ. ಛಲೋ ಛಲೋ ಹಣ್ಣೆಲ್ಲಾ ನನಗ ಒಗೀತಿದ್ದಳು..."

ಅಷ್ಟರಲ್ಲಿ ಒಳಗಿಂದ ಕ್ಷೀಣ ದನಿ ಕೇಳಿತು: "ತಮ್ಮಾ, ಗಂಜಿ ಐತೇನು?"

ನಮ್ಮ ಮಾವ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಒಳಗೆ ಓಡಿದರು.